ಭೂದತ್ತಿಯೂ ವಿದ್ಯಾಋಣವೂ

ವಿದ್ಯೆಗಾಗಿ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಇಂದಿನ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನು ಅಲ್ಲೊಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬರುವ ವಿದ್ಯಾರ್ಥಿಗಳ ವಸತಿಗೆ, ರಾತ್ರಿ ಓದುವ ದೀಪಕ್ಕೆ, ಉಪಾಧ್ಯಾಯರ ಜೀವನಕ್ಕೆ ಬೇರೆ ಬೇರೆಯಾಗಿ ಹೊಲಗಳನ್ನು ಬಿಡಲಾಯಿತು. ಮದುವೆ, ಉಪನಯನದಂಥ ಶುಭಕಾರ್ಯ ನಡೆದಾಗ ಊರವರು ಆ ಶಾಲೆಗೆ ಕಾಣಿಕೆ ಸಲ್ಲಿಸಬೇಕೆಂಬ ಕಟ್ಟಳೆಯೂ ಇತ್ತು. ನಾವು ವಾಸಿಸುವ ಈ ಕೊಲ್ಹಾಪುರ ಸೀಮೆಯನ್ನು ಆಳಿದ ಶಿಲಾಹಾರ ಗಂಡರಾದಿತ್ಯನು 12ನೆಯ ಶತಮಾನದ ಆರಂಭದಲ್ಲಿ ಇರುಕುಡಿಯಲ್ಲಿ ಗಂಡಸಮುದ್ರವೆಂಬ ಕೆರೆಯನ್ನು ಕಟ್ಟಿಸಿ, ಅದರ ಬಳಿ ಈಶ್ವರ, ಬುದ್ಧ, ಅರ್ಹಂತ ಮೂವರನ್ನೂ ಪ್ರತಿಷ್ಠಾಪಿಸಿ, ಅವರ ಪೂಜೆಗೆ ಭೂಮಿಯನ್ನು ದತ್ತಿಯಾಗಿ ಕೊಟ್ಟನು. ಇಂಥ ದತ್ತಿಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ನೀತಿಯನ್ನು ಕಾಣುತ್ತೇವೆ: ದಾನ ಕೊಡುವುದಕ್ಕಿಂತ, ಕೊಟ್ಟುದನ್ನು ಕಾಪಾಡಿಕೊಂಡು ಬರುವುದು ಹೆಚ್ಚಿನ ಪುಣ್ಯ.

ಆ ಶಾಸನಗಳು ದಾನಿಯ ವಂಶವನ್ನು ಹೊಗಳುತ್ತವೆ. ದಾನ ಪಡೆದವರ ಗುಣವನ್ನು ಹೇಳುತ್ತವೆ. ಹೊಲದ ನಾಲ್ಕು ಎಲ್ಲೆಗಳನ್ನು, ಅಲ್ಲಿನ ಹಳ್ಳ, ಕಲ್ಲು, ಮರಗಳ ಗುರುತಿನಿಂದ, ಸ್ಪಷ್ಟವಾಗಿ ಬರೆಯುತ್ತವೆ. ಆದರೆ ಆ ಹೊಲವನ್ನು ಅದುವರೆಗೆ ಉಳುತ್ತಿದ್ದವರು ಯಾರು, ದತ್ತಿಯಾದ ಮೇಲೆ ಅವರ ಗತಿ ಏನಾಯಿತು ಎಂಬುದನ್ನು ತಿಳಿಸುವುದು ಅಪರೂಪ. ದೀಪದ ಎಣ್ಣೆಗೆ ಬಿಟ್ಟ ಹೊಲದಲ್ಲಿ ಬೆವರು ಸುರಿಸಿದವನ ಮಗನು ಆ ದೀಪದ ಬೆಳಕಿನಲ್ಲಿ ಓದಿದನೇ? ಈ ಪ್ರಶ್ನೆಗೆ ಕಲ್ಲು ಉತ್ತರ ಕೊಡುವುದಿಲ್ಲ. ಸಾವಿರ ವರ್ಷಗಳ ಹಿಂದಿನ ಈ ಪ್ರಶ್ನೆಯನ್ನೇ ನಮ್ಮ ಕಾಲದ ಕೃಷಿ ವಿಶ್ವವಿದ್ಯಾಲಯಗಳ ಮುಂದೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ಭೂಮಿಯ ಆಧಾರದಿಂದ ಹುಟ್ಟಿದ ವಿದ್ಯೆಯು ರೈತನ ಮನೆಗೆ ಬಂದಾಗ ಅದು ಅವನಿಗೆ ಸಿಕ್ಕ ದಾನವೋ, ಅಥವಾ ಅವನಿಗೆ ಸಲ್ಲಬೇಕಾದ ಋಣದ ಮರುಪಾವತಿಯೋ?

ಇಂದಿನ ಕೃಷಿ ವಿಶ್ವವಿದ್ಯಾಲಯಗಳಿಗೆ ಮಾದರಿಯಾದುದು ಅಮೆರಿಕದ ಭೂದತ್ತಿ ವಿಶ್ವವಿದ್ಯಾಲಯಗಳ ಪದ್ಧತಿ. ವರ್ಮಾಂಟ್ ಪ್ರಾಂತದ ಜಸ್ಟಿನ್ ಮಾರಿಲ್ ಕಮ್ಮಾರನ ಮಗ. ಬಾಲ್ಯದಲ್ಲೇ ಶಾಲೆ ಬಿಟ್ಟವನು. ಶಾಸನಸಭೆಯ ಸದಸ್ಯನಾದ ಮೇಲೆ, ದುಡಿಯುವವರ ಮಕ್ಕಳಿಗೂ ಉನ್ನತ ವಿದ್ಯೆ ಸಿಗಬೇಕು, ಬೇಸಾಯವೂ ಯಂತ್ರವಿದ್ಯೆಯೂ ಕಾಲೇಜಿನ ಪಾಠವಾಗಬೇಕು ಎಂದು ಆತ ಹಟ ಹಿಡಿದನು. ಆತ ತಂದ ಕಾಯಿದೆಗೆ 1862ರ ಜುಲೈ 2ರಂದು ಅಧ್ಯಕ್ಷ ಲಿಂಕನ್ ಸಹಿ ಹಾಕಿದರು. ಅದರಂತೆ ಪ್ರತಿಯೊಂದು ರಾಜ್ಯಕ್ಕೂ, ಕೇಂದ್ರ ಶಾಸನಸಭೆಯಲ್ಲಿ ಅದಕ್ಕಿರುವ ಒಬ್ಬೊಬ್ಬ ಸದಸ್ಯನಿಗೆ 30,000 ಎಕರೆಯಂತೆ ಭೂಮಿ ದೊರೆಯಿತು. ಅದನ್ನು ಮಾರಿ ಬಂದ ಹಣದ ಬಡ್ಡಿಯಿಂದ ಕಾಲೇಜು ನಡೆಯಬೇಕು. 1887ರಲ್ಲಿ ಇನ್ನೊಂದು ಕಾಯಿದೆ ಆ ಕಾಲೇಜುಗಳಿಗೆ ಪ್ರಯೋಗಕ್ಷೇತ್ರಗಳನ್ನು ಸೇರಿಸಿತು. 1914ರಲ್ಲಿ ಮತ್ತೊಂದು ಕಾಯಿದೆ, ಸಂಶೋಧನೆಯ ಫಲವನ್ನು ರೈತನ ಮನೆಬಾಗಿಲಿಗೆ ಮುಟ್ಟಿಸುವ ವಿಸ್ತರಣಾ ಸೇವೆಯನ್ನು ಕೂಡಿಸಿತು. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರು ಕಾಲುಗಳ ಮೇಲೆ ಸಂಸ್ಥೆ ನಿಂತುದು ಹೀಗೆ.

ಈ ಕಥೆಗೆ ಇನ್ನೊಂದು ಮುಖವಿದೆ. ಅಷ್ಟೊಂದು ಭೂಮಿ ಸರ್ಕಾರದ ಕೈಗೆ ಬಂದುದು ಎಲ್ಲಿಂದ? ಅಲ್ಲಿನ ಮೂಲನಿವಾಸಿಗಳಿಂದ. ಕೆಲವೆಡೆ ಒತ್ತಾಯದ ಒಪ್ಪಂದದಿಂದ, ಕೆಲವೆಡೆ ಅಲ್ಪ ಬೆಲೆಗೆ, ಕೆಲವೆಡೆ ಯಾವ ಪರಿಹಾರವೂ ಇಲ್ಲದೆ ಕಿತ್ತುಕೊಂಡ ಭೂಮಿ ಅದು. 2020ರಲ್ಲಿ ಪ್ರಕಟವಾದ ಒಂದು ಪರಿಶೋಧನೆ ಆ ಕಾಲದ ದಾಖಲೆಗಳನ್ನು ಒಂದೊಂದಾಗಿ ಹೊಂದಿಸಿ, ಸುಮಾರು 250 ಬುಡಕಟ್ಟುಗಳಿಗೆ ಸೇರಿದ್ದ ಒಂದು ಕೋಟಿಗೂ ಹೆಚ್ಚು ಎಕರೆ ಭೂಮಿ ಹೀಗೆ ಕಾಲೇಜುಗಳ ಮೂಲಧನವಾಯಿತೆಂದು ತೋರಿಸಿತು. ತಮ್ಮಲ್ಲಿ ಸರ್ಕಾರಿ ಭೂಮಿಯಿಲ್ಲದ ರಾಜ್ಯಗಳಿಗೆ ದೂರದ ಪಶ್ಚಿಮದ ಭೂಮಿಯ ಹಕ್ಕುಪತ್ರಗಳನ್ನು ಕೊಡಲಾಯಿತು. ಆದ್ದರಿಂದ ಕಾಲೇಜು ಒಂದು ಕಡೆ, ಅದನ್ನು ಸಾಕಿದ ನೆಲ ಸಾವಿರಾರು ಮೈಲಿಗಳಾಚೆ. ಓದುವ ಹುಡುಗನಿಗೆ ತನ್ನ ಶುಲ್ಕದ ಹಿಂದೆ ಯಾರ ಊರು ಕರಗಿಹೋಗಿದೆಯೆಂದು ತಿಳಿಯುವ ಸಂಭವವೇ ಇರಲಿಲ್ಲ. ನಮ್ಮ ಶಾಸನಗಳ ಮೌನವೂ ಈ ಕಾಯಿದೆಯ ಮೌನವೂ ಒಂದೇ ಬಗೆಯವು.

ಈ ಮಾದರಿ ಭಾರತಕ್ಕೆ ಬಂದುದು ಸ್ವಾತಂತ್ರ್ಯಾನಂತರ. ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಆಯೋಗವು 1949ರಲ್ಲಿಯೇ ಗ್ರಾಮೀಣ ವಿಶ್ವವಿದ್ಯಾಲಯಗಳ ಅಗತ್ಯವನ್ನು ಎತ್ತಿ ಹೇಳಿತ್ತು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ನೆರವಿನಿಂದ ಪಂತನಗರದಲ್ಲಿ ಮೊದಲ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆರಂಭವಾದಾಗ ಡಾ. ಕೆ.ಸಿ. ನಾಯಕ್ ಮೊದಲ ಕುಲಪತಿಗಳಾದರು. ಮಾರ್ಗದರ್ಶನಕ್ಕೆ ಬಂದುದು ಟೆನ್ನೆಸ್ಸಿ ವಿಶ್ವವಿದ್ಯಾಲಯದ ತಜ್ಞರ ತಂಡ. ಆ ಟೆನ್ನೆಸ್ಸಿಯೂ ಭೂದತ್ತಿಯಿಂದ ಬೆಳೆದ ಸಂಸ್ಥೆಯೇ. 1947ರಿಂದ ನಡೆಯುತ್ತಿದ್ದ ಧಾರವಾಡದ ಕೃಷಿ ಕಾಲೇಜು ಬೆಂಗಳೂರಿನ ವಿಶ್ವವಿದ್ಯಾಲಯಕ್ಕೆ ಸೇರಿತು. 1986ರ ಅಕ್ಟೋಬರ್ 1ರಂದು ಧಾರವಾಡವೇ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಇತ್ತ ಮಹಾರಾಷ್ಟ್ರದಲ್ಲಿ 1968ರಲ್ಲಿ ಕೃಷಿ ವಿದ್ಯಾಪೀಠ ಹುಟ್ಟಿ, ರಾಹುರಿಯ ವಿದ್ಯಾಪೀಠಕ್ಕೆ ಮಹಾತ್ಮಾ ಫುಲೆಯವರ ಹೆಸರು ಬಂದಿತು. ಹೀಗೆ ನೋಡಿದರೆ ಋಣದ ದಾರ ಬಹು ಉದ್ದವಾದುದು. ಅಮೆರಿಕದ ಯಾವುದೋ ಬುಡಕಟ್ಟಿನವರು ಕಳೆದುಕೊಂಡ ಹುಲ್ಲುಗಾವಲಿನಿಂದ ಹೊರಟು, ಟೆನ್ನೆಸ್ಸಿಯ ತರಗತಿಯನ್ನು ಹಾದು, ಬೆಂಗಳೂರು ಧಾರವಾಡಗಳ ಮೂಲಕ ಅದು ಸಂಕೇಶ್ವರ ಗಡಹಿಂಗ್ಲಜಗಳ ಹೊಲದ ಬದುವಿನವರೆಗೆ ಬಂದು ಮುಟ್ಟಿದೆ.

ಆದರೆ ನಮ್ಮ ಕೃಷಿವಿದ್ಯೆಯೆಲ್ಲ ಹೊರಗಿನಿಂದ ಬಂದ ಬಳ್ಳಿಯೆಂದು ತಿಳಿಯಬೇಕಾಗಿಲ್ಲ. 1899ರಲ್ಲಿ ಮೈಸೂರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿ ಪ್ರಯೋಗಕ್ಕಾಗಿ ಕೊಟ್ಟಿದ್ದರು. ಅದೂ ಒಂದು ಭೂದತ್ತಿ. ರಾಜರ್ಷಿ ಶಾಹೂ ಮಹಾರಾಜರು 1895ರಲ್ಲಿ ಶಾಹುಪುರಿಯ ಬೆಲ್ಲದ ಪೇಟೆಯನ್ನು ಕಟ್ಟಿದರು. ರಾಧಾನಗರಿಯ ಅಣೆಕಟ್ಟಿನ ಕೆಲಸವನ್ನು ಕೈಗೆತ್ತಿಕೊಂಡರು. 1912ರಲ್ಲಿ ಕೊಲ್ಹಾಪುರದಲ್ಲಿ ರೈತರಿಗೆ ಹೊಸ ಪದ್ಧತಿಗಳನ್ನು ಕಲಿಸುವ ಕೃಷಿ ಸಂಸ್ಥೆಯನ್ನು ತೆರೆದರು. ನದಿಗೆ ಅಡ್ಡಲಾಗಿ ಕಂಬಗಳನ್ನು ಕಟ್ಟಿ, ಮಳೆಗಾಲ ಮುಗಿದ ಮೇಲೆ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸುವ ‘ಕೊಲ್ಹಾಪುರ ಪದ್ಧತಿಯ ಬಂಧಾರ’ ಇಲ್ಲಿಂದಲೇ ಹೊರಟು ಇಂದು ಕರ್ನಾಟಕದ ನದಿಗಳಲ್ಲಿಯೂ ನಿಂತಿದೆ. 1956ರವರೆಗೆ ಧಾರವಾಡವೂ ಮುಂಬಯಿ ರಾಜ್ಯಕ್ಕೆ ಸೇರಿತ್ತು; 1949ರಲ್ಲಿ ಕೊಲ್ಹಾಪುರ ಸಂಸ್ಥಾನವೂ ಅದರಲ್ಲಿ ವಿಲೀನವಾಗಿತ್ತು. ಧಾರವಾಡದ ಹತ್ತಿಯ ಕ್ಷೇತ್ರ, ಪಾಡೇಗಾವದ ಕಬ್ಬಿನ ಕೇಂದ್ರ, ಮೋಹೋಳದ ಜೋಳದ ಕೇಂದ್ರ ಎಲ್ಲವೂ ಆಗ ಒಂದೇ ಇಲಾಖೆಯ ಮಕ್ಕಳು. ರಾಜ್ಯಗಳು ಬೇರೆಯಾದರೂ ವಿದ್ಯೆಯ ಮನೆ ಒಂದೇ ತಳಹದಿಯ ಮೇಲೆ ನಿಂತಿತ್ತೆಂಬುದನ್ನು ಗಡಿಯಲ್ಲಿ ಬಾಳುವ ನಾವು ಮರೆಯಬಾರದು.

ಇನ್ನು ಮೂಲ ಪ್ರಶ್ನೆಗೆ ಬರೋಣ. ಅನ್ಯಾಯದಿಂದ ಬಂದ ಮೂಲಧನ ಸತ್ಕಾರ್ಯಕ್ಕೆ ಬಳಕೆಯಾದರೆ ಶುದ್ಧವಾಗುತ್ತದೆಯೇ? ಕೆಲವರು ಆಗುತ್ತದೆ ಎನ್ನುತ್ತಾರೆ: ಕೋಟ್ಯಂತರ ಜನರ ಹಸಿವು ನೀಗಿರುವಾಗ ನೂರೈವತ್ತು ವರ್ಷಗಳ ಹಿಂದಿನ ಲೆಕ್ಕ ಕೆದಕುವುದೇಕೆ? ಮತ್ತೆ ಕೆಲವರು ಎಂದಿಗೂ ಆಗದು ಎನ್ನುತ್ತಾರೆ: ಬೇರು ಕೆಟ್ಟಿದ್ದರೆ ಹಣ್ಣೂ ಕೆಟ್ಟದ್ದೇ. ಈ ಎರಡು ಉತ್ತರಗಳೂ ನಮಗೆ ಸುಲಭವಾಗಿ ಕಾಣುತ್ತವೆ. ಮೊದಲನೆಯದು ನಷ್ಟಪಟ್ಟವನನ್ನು ಲೆಕ್ಕದ ಪುಸ್ತಕದಿಂದ ಅಳಿಸಿಬಿಡುತ್ತದೆ. ಎರಡನೆಯದು, ಆ ವಿದ್ಯೆಯಿಂದಲೇ ಬದುಕಿರುವ ನಮ್ಮನ್ನು ಕೈಕಟ್ಟಿ ಕೂಡಿಸುತ್ತದೆ. ನಮ್ಮ ಪೂರ್ವಿಕರ ಪಾಲನೆಯ ನೀತಿಯಲ್ಲಿ ಮೂರನೆಯ ದಾರಿ ಇದೆ. ದತ್ತಿಯನ್ನು ಕೊಟ್ಟ ಅರಸನೇನೋ ತೀರಿಹೋದನು. ಅದನ್ನು ನಡೆಸಿಕೊಂಡು ಬರುವ ಹೊಣೆ ಮುಂದಿನವರ ಮೇಲಿರುತ್ತದೆ. ದತ್ತಿಯ ಹಿಂದೆ ಒಬ್ಬರ ನಷ್ಟವಿದ್ದರೆ ಆ ಹೊಣೆಯ ಭಾರ ಹೆಚ್ಚಾಗುತ್ತದೆ. ಹಣ್ಣನ್ನು ತಿನ್ನಬಹುದು, ಆದರೆ ಯಾರ ನೆಲದಲ್ಲಿ ಬೆಳೆದುದೆಂದು ತಿಳಿದು ತಿನ್ನಬೇಕು. ತಿಂದ ಮೇಲೆ ಬೀಜವನ್ನು ನೆಡಬೇಕಾದ ಕಡೆ ನೆಡಬೇಕು.

ನೆಲದ ಋಣದ ಜೊತೆಗೆ ಇನ್ನೊಂದು ಋಣವೂ ಇದೆ, ಅದು ಅರಿವಿನದು. ಸಂಶೋಧನಾಲಯದ ಅರಿವು ಬರಿದಾದ ಪಾಟಿಯ ಮೇಲೆ ಬರೆದುದಲ್ಲ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಜಾನ್ ಆಗಸ್ಟಸ್ ವೋಲ್ಕರ್ ಭಾರತದ ಬೇಸಾಯವನ್ನು ಸುಧಾರಿಸುವ ಮಾರ್ಗವನ್ನು ಸೂಚಿಸಲು 1889ರಲ್ಲಿ ಬಂದು ಊರೂರು ಸುತ್ತಿದರು. 1893ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ, ಇಲ್ಲಿನ ರೈತನು ಸಾಧಾರಣ ಇಂಗ್ಲಿಷ್ ರೈತನಿಗೆ ಸಮಾನನೆಂದೂ ಕೆಲವು ವಿಷಯಗಳಲ್ಲಿ ಅವನಿಗಿಂತ ಮೇಲೆಂದೂ ಒಪ್ಪಿಕೊಂಡರು. ನಮ್ಮ ಸೀಮೆಯ ಹಿಂಗಾರಿ ಜೋಳವನ್ನೇ ನೋಡೋಣ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಎಂ 35-1 ಎಂಬ ತಳಿಯನ್ನು ಆರಿಸಲಾಯಿತು. ಸೊಲ್ಲಾಪುರ ವಿಜಯಪುರಗಳ ಎರೆಹೊಲಗಳಲ್ಲಿ ಅದು ಇಂದಿಗೂ ಬೆಳೆಯುತ್ತದೆ. ನಮ್ಮ ಮನೆಗಳ ಬಿಳಿ ರೊಟ್ಟಿ ಅದರದೇ. ಆದರೆ ಆ ತಳಿಯನ್ನು ಆರಿಸಿದುದು ರೈತರು ತಲೆಮಾರುಗಳಿಂದ ಕಾಪಾಡಿದ ಮಾಲದಂಡಿ ಜೋಳದಿಂದ. ತೆನೆಗಳ ರಾಶಿಯಲ್ಲಿ ಕೂತು, ಮುಂದಿನ ಬಿತ್ತನೆಗೆಂದು ಒಳ್ಳೆಯ ತೆನೆಯನ್ನು ಬೇರೆಯಿಟ್ಟ ಅಜ್ಜಿಯರು ಆ ಸಂಶೋಧನೆಯ ಮೊದಲ ಸಹಾಯಕರು. ಆಜರೆಯ ಪರಿಮಳದ ಘನಸಾಳ ಅಕ್ಕಿ, ಗಡಹಿಂಗ್ಲಜದ ಪೇಟೆಗೆ ಹೆಸರು ತಂದ ಸಂಕೇಶ್ವರಿ ಮೆಣಸಿನಕಾಯಿ, ಇವೆರಡನ್ನೂ ಸೃಷ್ಟಿಸಿದವರ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ಊರಿನ ಹೆಸರಷ್ಟೇ ಉಳಿದಿದೆ.

ಮೂರನೆಯದು ಕೈಗಳ ಋಣ. ಇಚಲಕರಂಜಿಯಲ್ಲಿ ನೆಲೆಸಿದ ನಮ್ಮ ಬಂಧುಗಳಿಗೆ ಇದು ಹತ್ತಿರದ ಮಾತು. 1904ರಲ್ಲಿ ಮೊದಲ ಯಂತ್ರಮಗ್ಗ ಬಂದ ಆ ಊರಿನ ಬದುಕು ನೂಲಿನ ಮೇಲೆ ನಿಂತಿದೆ. ನೂಲಿನ ಹಿಂದೆ ಹತ್ತಿ, ಹತ್ತಿಯ ಹಿಂದೆ ಧಾರವಾಡದ ಎರೆಮಣ್ಣಿನ ದೀರ್ಘ ಇತಿಹಾಸ. ಈಸ್ಟ್ ಇಂಡಿಯಾ ಕಂಪನಿಯು 1840ರ ದಶಕದಲ್ಲಿ ಅಮೆರಿಕದ ತೋಟಗಾರರನ್ನು ಕರೆಸಿ ಆ ಸೀಮೆಯಲ್ಲಿ ಪ್ರಯೋಗ ನಡೆಸಿತು. ‘ಧಾರವಾಡ-ಅಮೆರಿಕನ್’ ಎಂಬ ಹತ್ತಿ ಅಲ್ಲಿ ಬೇರೂರಿತು. ಮಾರಿಲ್ಲನ ಕಾಯಿದೆ ಹೊರಬಿದ್ದ 1862ರಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿಗೆ ಹತ್ತಿ ಸಿಗದೆ, ಧಾರವಾಡದ ಹತ್ತಿಯ ಬೆಲೆ ಏರಿತ್ತು. ಅದೇ ಧಾರವಾಡದಲ್ಲಿ 1972ರಲ್ಲಿ ಡಾ. ಬಿ.ಎಚ್. ಕಟರಕಿಯವರು ‘ವರಲಕ್ಷ್ಮಿ’ಯನ್ನು ಹೊರತಂದರು. ‘ಲಕ್ಷ್ಮಿ’ ಎಂಬ ನಮ್ಮ ತಳಿಯನ್ನು ಉದ್ದ ಎಳೆಯ ಬೇರೊಂದು ಜಾತಿಯ ಹತ್ತಿಯೊಡನೆ ಕೂಡಿಸಿ ಪಡೆದ ಸಂಕರ ಅದು. ಎರಡು ಜಾತಿಗಳ ನಡುವಿನ ಹತ್ತಿಯ ಸಂಕರವೊಂದು ರೈತರ ಹೊಲಕ್ಕೆ ಬಂದುದು ಅದೇ ಮೊದಲು. ನವಿರಾದ ನೂಲಿಗೆ ಬೇಕಾದ ಉದ್ದ ಎಳೆಯ ಹತ್ತಿ ನಮ್ಮ ನೆಲದಲ್ಲೇ ಬೆಳೆಯುವಂತಾಯಿತು.

ಸಂಕರ ಬೀಜ ತಾನಾಗಿ ಹುಟ್ಟುವುದಿಲ್ಲ. ಸಂಜೆ ಮೊಗ್ಗನ್ನು ಬಿಡಿಸಿ ಅದರ ಪರಾಗಕೋಶಗಳನ್ನು ಉಗುರಿನಿಂದ ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂವನ್ನು ತಂದು ಅದರ ಪರಾಗವನ್ನು ಸೋಕಿಸಬೇಕು. ಒಂದೊಂದು ಹೂವಿಗೂ ಹೀಗೆಯೇ. ಬಗ್ಗಿ ನಿಂತು ಈ ಕೆಲಸ ಮಾಡಿದವರು ಬಹುಪಾಲು ಹೆಂಗಸರು. ಅನೇಕ ಕಡೆ ಶಾಲೆಯಲ್ಲಿರಬೇಕಾಗಿದ್ದ ಹೆಣ್ಣುಮಕ್ಕಳು. ವಿಜ್ಞಾನಿಯ ಹೆಸರು ಗೌರವದಿಂದ ಉಳಿದಿದೆ, ಉಳಿಯಲೂ ಬೇಕು. ಆದರೆ ಆ ಬೆರಳುಗಳ ಹೆಸರೇನು? ಜೊತೆಗೆ, ಸಂಕರದ ಬೀಜವನ್ನು ಉಳಿಸಿ ಮತ್ತೆ ಬಿತ್ತಿದರೆ ಅದೇ ಬೆಳೆ ಬರುವುದಿಲ್ಲ. ಕಣಜದಿಂದ ಬೀಜ ತೆಗೆಯುತ್ತಿದ್ದ ರೈತ ವರ್ಷ ವರ್ಷವೂ ಅಂಗಡಿಯ ಮುಂದೆ ನಿಲ್ಲುವವನಾದನು. ಇಳುವರಿ ಹೆಚ್ಚಿತು, ಬೀಜದ ಮೇಲಿನ ಒಡೆತನ ಕೈಬಿಟ್ಟಿತು. ಲಾಭವನ್ನು ಕ್ವಿಂಟಾಲಿನಲ್ಲಿ ತೂಗಬಹುದು. ಕೈಬಿಟ್ಟ ಒಡೆತನವನ್ನು ತೂಗುವ ತಕ್ಕಡಿ ನಮ್ಮಲ್ಲಿಲ್ಲ. ಆದರೂ ಅದನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವಂತಿಲ್ಲ.

ನಾಲ್ಕನೆಯ ಋಣ ಮಣ್ಣಿನದು. 1912ರಲ್ಲಿ ಕೊಯಮತ್ತೂರಿನಲ್ಲಿ ಆರಂಭವಾದ ಕಬ್ಬು ತಳಿ ಕೇಂದ್ರವು ಸಿಹಿ ಕಬ್ಬನ್ನು ಕಾಡು ಜಾತಿಯ ಹುಲ್ಲುಗಬ್ಬಿನೊಡನೆ ಕೂಡಿಸಿ ಜಗತ್ತಿಗೇ ಹೊಸ ದಾರಿ ತೋರಿಸಿತು. ಕೊಯಮತ್ತೂರಿನ ಕೋ 740, ಕೋ 86032 ತಳಿಗಳು ನಮ್ಮ ಪಂಚಗಂಗೆ, ಕೃಷ್ಣೆ, ಹಿರಣ್ಯಕೇಶಿಗಳ ತೀರದ ಬದುಕನ್ನೇ ಬದಲಿಸಿದವು. ಸಂಕೇಶ್ವರದಲ್ಲಿ ಧಾರವಾಡ ವಿಶ್ವವಿದ್ಯಾಲಯದ, ಕೊಲ್ಹಾಪುರದಲ್ಲಿ ರಾಹುರಿ ವಿದ್ಯಾಪೀಠದ ಕಬ್ಬಿನ ಕೇಂದ್ರಗಳಿವೆ. ಕಬ್ಬು ಬಂದಲ್ಲಿ ಪಕ್ಕಾ ಮನೆಗಳೂ ಶಾಲೆಗಳೂ ಸಹಕಾರಿ ಸಂಘಗಳೂ ಬಂದವು. ನೀರೂ ಬಂತು, ಅಳತೆ ಮೀರಿ ಬಂತು. ಶಿರೋಳ ತಾಲೂಕಿನಲ್ಲಿ, ಅತ್ತ ಅಥಣಿ, ಚಿಕ್ಕೋಡಿ, ರಾಯಬಾಗಗಳ ನದಿ ಬಯಲಿನಲ್ಲಿ, ಕಪ್ಪು ಮಣ್ಣಿನ ಮೇಲೆ ಉಪ್ಪಿನ ಬಿಳಿ ಹೊದಿಕೆ ಕಾಣಿಸಿಕೊಂಡಿತು. ನಮ್ಮ ರೈತರು ಅದಕ್ಕೆ ಸವಳು ಎಂದು ಹೆಸರಿಟ್ಟರು; ನೀರು ಬಸಿಯದೆ ಕೊಳೆಯುವ ನೆಲಕ್ಕೆ ಜವಳು ಎಂದರು. ಒಂದು ಕಾಲಕ್ಕೆ ಊರಿಗೇ ಅನ್ನ ಕೊಟ್ಟ ಹೊಲದಲ್ಲಿ ಇಂದು ಹುಲ್ಲೂ ಸರಿಯಾಗಿ ಬೆಳೆಯದ ಕಡೆಗಳಿವೆ.

ಇದಕ್ಕೆ ಹೊಣೆ ಯಾರು? ಇಳುವರಿಯೊಂದನ್ನೇ ಗುರಿಯಾಗಿಸಿಕೊಂಡ ಕಾಲದ ಸಂಶೋಧನೆಯೇ, ನೀರು ಬಿಟ್ಟ ಇಲಾಖೆಯೇ, ಕಬ್ಬನ್ನು ಕರೆದ ಕಾರ್ಖಾನೆಯೇ, ರಾತ್ರಿಯಿಡೀ ಪಂಪು ಬಿಟ್ಟು ಮಲಗಿದ ನಮ್ಮವರೇ? ಹೊಣೆಯನ್ನು ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಈ ರೋಗದ ಮದ್ದಿನಲ್ಲಿಯೇ ಒಂದು ಪಾಠವಿದೆ. ಸವಳು ಭೂಮಿಯನ್ನು ಸರಿಪಡಿಸಲು ನೆಲದಡಿ ತೂತುಳ್ಳ ಕೊಳವೆಗಳನ್ನು ಹೂಳಿ ಉಪ್ಪುನೀರನ್ನು ಬಸಿದು ಹಳ್ಳಕ್ಕೆ ಬಿಡಬೇಕು. ಒಬ್ಬನ ಹೊಲದ ನೀರು ಇನ್ನೊಬ್ಬನ ಹೊಲವನ್ನು ಹಾದೇ ಹೋಗಬೇಕು. ಆದ್ದರಿಂದ ಯಾವ ರೈತನೂ ಒಂಟಿಯಾಗಿ ತನ್ನ ಭೂಮಿಯನ್ನು ಉಳಿಸಿಕೊಳ್ಳಲಾರ. ನೆರೆಹೊರೆಯವರೆಲ್ಲ ಒಪ್ಪಬೇಕು, ಒಟ್ಟಿಗೆ ಖರ್ಚು ಹೊರಬೇಕು. ಶಿರೋಳದ ರೈತರು ಸಹಕಾರದಿಂದ ಈ ಕೆಲಸಕ್ಕೆ ಕೈಹಾಕಿ, ಬಂಜೆಯೆನಿಸಿದ್ದ ನೆಲದಲ್ಲಿ ಮತ್ತೆ ಬೆಳೆ ತೆಗೆದು ತೋರಿಸಿದ್ದಾರೆ. ಪಾಲನೆ ಎಂಬುದರ ಅರ್ಥವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನಮಗೆ ತಿಳಿಯದು.

ಇಷ್ಟೆಲ್ಲ ಹೇಳುವಾಗ ನಾವು ವಿಜ್ಞಾನಕ್ಕೆ ಕೃತಘ್ನರಾಗುತ್ತಿದ್ದೇವೆಂದು ಯಾರೂ ತಿಳಿಯಬಾರದು. ಮಂಡ್ಯದಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದುದಕ್ಕೆ ಬಡವರ ಅಂಬಲಿಯೇ ಸಾಕ್ಷಿ. ಈಚಿನ ಮಾತೆಂದರೆ ಸೋಯಾ ಅವರೆಯದು. ಅದಕ್ಕೆ ಬಡಿಯುವ ತುಕ್ಕುರೋಗ ನಮ್ಮ ಕೊಲ್ಹಾಪುರ, ಸಾಂಗಲಿ, ಬೆಳಗಾವಿ ಸೀಮೆಯಲ್ಲಿ ಹೆಚ್ಚು. ತುಕ್ಕಿನ ಬೀಜಾಣು ಗಾಳಿಯಲ್ಲಿ ಹಾರುತ್ತದೆ. ಯಾವ ಗಡಿಕಲ್ಲಿನ ಬಳಿಯೂ ನಿಲ್ಲುವುದಿಲ್ಲ. ಧಾರವಾಡವು ತುಕ್ಕನ್ನು ತಡೆಯುವ ಡಿಎಸ್‌ಬಿ 21 ತಳಿಯನ್ನು ಕೊಟ್ಟಿತು. ಸಾಂಗಲಿಯ ಕಸಬೆ ಡಿಗ್ರಜದ ಕೇಂದ್ರವು ಕೆಡಿಎಸ್ 726 ತಳಿಯನ್ನು ಕೊಟ್ಟಿತು. ಆ ರಾಜ್ಯದ ಬೀಜ ಈ ರಾಜ್ಯದಲ್ಲಿ, ಈ ರಾಜ್ಯದ ಬೀಜ ಆ ರಾಜ್ಯದಲ್ಲಿ ಬೆಳೆಯುತ್ತಿದೆ. ಸಂಶೋಧಕರು ಹೊಲದ ಬಿಸಿಲಿನಲ್ಲಿ ಕಳೆದ ವರ್ಷಗಳನ್ನು ಗೌರವಿಸಲು ಅವರನ್ನು ದಾನಿಗಳೆಂದು ಕರೆಯಬೇಕಾಗಿಲ್ಲ. ಋಣವನ್ನು ಪ್ರಾಮಾಣಿಕವಾಗಿ ತೀರಿಸುವವನ ಯೋಗ್ಯತೆ ದಾನ ಕೊಡುವವನಿಗಿಂತ ಕಡಿಮೆಯಲ್ಲ. ದಾನಿಗೆ ಕೊಡದೆ ಇರುವ ಸ್ವಾತಂತ್ರ್ಯವಿದೆ, ಋಣಿಗೆ ಅದಿಲ್ಲ. ವಿಶ್ವವಿದ್ಯಾಲಯವು ತನ್ನನ್ನು ದಾನಿಯೆಂದುಕೊಂಡರೆ ರೈತ ಕೈಚಾಚುವವನಾಗುತ್ತಾನೆ. ತನ್ನನ್ನು ಋಣಿಯೆಂದುಕೊಂಡರೆ ರೈತ ಲೆಕ್ಕ ಕೇಳುವ ಹಕ್ಕುಳ್ಳವನಾಗುತ್ತಾನೆ. ಇಬ್ಬರ ನಡುವಿನ ಮಾತಿನ ಧಾಟಿಯೇ ಬದಲಾಗುತ್ತದೆ.

ನಮ್ಮ ದೇಶದ ಕಾನೂನು ಈ ಹಕ್ಕನ್ನು ಒಂದು ಮಟ್ಟಿಗೆ ಒಪ್ಪಿಕೊಂಡಿದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯಿದೆಯು ತಳಿಯನ್ನು ಕಾಪಾಡಿದ, ರೂಪಿಸಿದ ರೈತನಿಗೂ ತಳಿ ವಿಜ್ಞಾನಿಯಂತೆ ನೋಂದಣಿಯ ಅಧಿಕಾರವನ್ನು ಕೊಟ್ಟಿದೆ. ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಹೆಸರಿನ ಮುದ್ರೆಯಿಲ್ಲದೆ ಮಾರುವ ಅವನ ಹಕ್ಕನ್ನೂ ಎತ್ತಿಹಿಡಿದಿದೆ. ಕೊಲ್ಹಾಪುರದ ಬೆಲ್ಲಕ್ಕೂ ಆಜರೆಯ ಘನಸಾಳ ಅಕ್ಕಿಗೂ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಆದರೆ ಕಾನೂನು ಕಾಗದದಿಂದ ಹೊಲಕ್ಕೆ ಇಳಿಯಬೇಕಾದರೆ ಅದನ್ನು ಓದಿ ಹೇಳುವವರು ಬೇಕು, ರೈತನ ಮಾತಿನಲ್ಲಿ ಹೇಳುವವರು ಬೇಕು. ವಿದ್ಯೆಯ ಮೂರನೆಯ ಕಾಲಾದ ವಿಸ್ತರಣೆ ಭಾಷೆಯ ಮೇಲೆ ನಿಂತಿದೆ. ಗಡಹಿಂಗ್ಲಜದ ಸುತ್ತಲಿನ ಎಷ್ಟೋ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ, ಔಷಧದ ಡಬ್ಬಿಯ ಮೇಲಿನ ಮಾತು ಇಂಗ್ಲಿಷ್. ಮರಾಠಿಯೂ ನಮಗೆ ಅನ್ನ ಕೊಟ್ಟ ಭಾಷೆ. ಅದರ ಬಗ್ಗೆ ನಮ್ಮದು ತಕರಾರಲ್ಲ. ಆದರೆ ಎಣ್ಣೆ ಹೊಡೆಯುವ ಕೂಲಿಯಾಳಿಗೆ ಡಬ್ಬಿಯ ಮೇಲಿನ ಎಚ್ಚರಿಕೆ ತಿಳಿಯದಿದ್ದರೆ, ಎಷ್ಟು ದೊಡ್ಡ ವಿಶ್ವವಿದ್ಯಾಲಯವಿದ್ದರೂ ಅದರ ಋಣ ಅಲ್ಲಿ ತೀರದೆ ಉಳಿಯಿತೆಂದೇ ಅರ್ಥ.

ಈ ಋಣಿಗಳ ಪಟ್ಟಿಯಲ್ಲಿ ನಮ್ಮ ಹೆಸರೂ ಇದೆ. ಸಂಘದ ಸದಸ್ಯರಲ್ಲಿ ಎಷ್ಟೋ ಮನೆಗಳವರು ಒಂದೆರಡು ತಲೆಮಾರಿನ ಹಿಂದೆ ಹೊಲ ಬಿಟ್ಟು ಬಂದವರು. ಹೊಲದ ಜೋಳ, ಕಬ್ಬು, ಮೆಣಸಿನಕಾಯಿ ಮಾರಿದ ಹಣದಿಂದಲೇ ನಮ್ಮ ಹಿರಿಯರು ಓದಿದರು, ನೌಕರಿ ಹಿಡಿದರು, ಪೇಟೆಯಲ್ಲಿ ಮನೆ ಕಟ್ಟಿದರು. ಸಾಲೋಟಗಿಯ ದೀಪಕ್ಕೆ ಯಾರದೋ ಹೊಲ ಎಣ್ಣೆ ಕೊಟ್ಟಂತೆ ನಮ್ಮ ದೀಪಕ್ಕೂ ಕೊಟ್ಟಿದೆ. ಹಾಗಾದರೆ ನಮ್ಮ ಪಾಲಿನ ಪಾಲನೆ ಯಾವುದು? ದೊಡ್ಡ ಮಾತು ಬೇಡ. ಪ್ರತಿ ವರ್ಷ ಧಾರವಾಡದಲ್ಲಿ ನಡೆಯುವ ಕೃಷಿ ಮೇಳದಿಂದ ನಮ್ಮ ಹಳ್ಳಿಗಳಿಗೆ ಉಪಯುಕ್ತವಾದ ಕನ್ನಡ ಕೈಪಿಡಿಗಳನ್ನು ತಂದು ಹಂಚಬಹುದು. ರಾಹುರಿಯ ಮರಾಠಿ ಸಲಹೆಗಳನ್ನು ಕನ್ನಡದಲ್ಲಿ ಓದಿ ಹೇಳಬಹುದು. ಎರೆ, ಮಸಾರಿ, ಸವಳು, ಜವಳು ಎಂದು ಮಣ್ಣಿನ ಬಗೆಗಳನ್ನು ಗುರುತಿಸಿದ, ರಂಟೆ, ಕುಂಟೆ, ಕೂರಿಗೆಗಳ ಒಂದೊಂದು ಭಾಗಕ್ಕೂ ಹೆಸರಿಟ್ಟ ಕನ್ನಡವನ್ನು ಹಿರಿಯ ರೈತರ ಬಾಯಿಂದ ಬರೆದಿಟ್ಟುಕೊಳ್ಳಬಹುದು. ಆ ಶಬ್ದಗಳು ಬರಿಯ ಶಬ್ದಗಳಲ್ಲ. ಮಣ್ಣನ್ನು ನೋಡುವ ಕಣ್ಣು ಅವುಗಳಲ್ಲಿದೆ. ಮನೆಯಲ್ಲಿ ಉಳಿದಿರುವ ಹಳೆಯ ತಳಿಯ ಒಂದು ಹಿಡಿ ಬೀಜವಿದ್ದರೆ ಅದು ಯಾರ ಹೊಲದ್ದು, ಯಾರು ಕಾಪಾಡಿದರು ಎಂಬುದನ್ನು ಚೀಟಿಯಲ್ಲಿ ಬರೆದು ಸಂಶೋಧನಾ ಕೇಂದ್ರಕ್ಕೆ ಒಪ್ಪಿಸಬಹುದು. ಕೃಷಿ ಓದಿದ ನಮ್ಮ ಮಕ್ಕಳನ್ನು, ವರ್ಷಕ್ಕೊಮ್ಮೆಯಾದರೂ ಅಜ್ಜನ ಊರಿನ ಕಟ್ಟೆಯ ಮೇಲೆ ಕೂತು ನಾಲ್ಕು ರೈತರ ಮಾತು ಕೇಳಿ ಬರುವಂತೆ ಕಳುಹಿಸಬಹುದು.

ದತ್ತಿ ಬಿಡುವ ಅರಸರು ಇಂದು ಇಲ್ಲ. ದತ್ತಿಯಿಂದ ಬಂದ ವಿದ್ಯೆ ಮಾತ್ರ ನಮ್ಮೆಲ್ಲರ ಮನೆಗಳಲ್ಲಿ ಹಂಚಿಹೋಗಿದೆ. ಅದನ್ನು ನಡೆಸಿಕೊಂಡು ಹೋಗುವ ಭಾರವೂ ಹಾಗೆಯೇ ನಮ್ಮೆಲ್ಲರ ಮೇಲಿದೆ. ಉತ್ತವನ ಹೆಸರನ್ನು ಬರೆಯಲು ಸಾವಿರ ವರ್ಷದ ಹಿಂದಿನ ಕಲ್ಲಿನಲ್ಲಿ ಸ್ಥಳವಿರಲಿಲ್ಲ. ನಮ್ಮ ಕಾಲದ ಪುಸ್ತಕಗಳಲ್ಲಿ ಆ ಸ್ಥಳ ಸಾಕಷ್ಟಿದೆ. ಬರೆಯುವ ಮನಸ್ಸು ಮಾಡೋಣ.